ಹನ್ನೊಂದನೆಯ ಕಡ್ಡಿ

ಐರ್ಲೆಂಡಿನ ಗಾಲ್ವೇಗೆ ಬಂದ ಮೊದಲ ಬೇಸಿಗೆ. ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಬಾಡಿಗೆ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಈ ಊರಿನಲ್ಲಿ ಬಟ್ಟೆ ಒಣಹಾಕುವವರ ಒಂದು ಕಣ್ಣು ಕ್ಲಿಪ್ಪಿನ ಮೇಲಿದ್ದರೆ ಇನ್ನೊಂದು ಮೋಡದ ಮೇಲಿರಬೇಕು. ಆಗ, ಯಾರೋ ಪಕ್ಕದಲ್ಲೇ ಈಳಿಗೆಮಣೆಯ ಮುಂದೆ ಕೂತು ಹಸಿ ತೆಂಗಿನಕಾಯಿ ತುರಿಯುತ್ತಿರುವಂಥ ವಾಸನೆ ಬಂತು. ಒದ್ದೆ ಟವೆಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಆ ಬೀದಿಯಲ್ಲಿ ನಮ್ಮವರು ಯಾರೂ ಇರಲಿಲ್ಲ. ಮನೆಯೊಳಗೆ ಆರು ವರ್ಷದ ಮಗಳು ಚಿತ್ರ ಬರೆಯುತ್ತಿದ್ದಳು, ಗಂಡ ಲ್ಯಾಪ್‌ಟಾಪಿನ ಮುಂದೆ ತೂಕಡಿಸುತ್ತಿದ್ದ. ಅವನು ಯಾರೂ ಹೇಳದೆ ಎದ್ದು ಕಾಯಿ ತುರಿಯುವ ಪೈಕಿಯಲ್ಲ.

ವಾಸನೆಯ ಬೆನ್ನುಹತ್ತಿ ಹೋದೆ. ಪಕ್ಕದ ಮನೆಗೂ ನಮಗೂ ನಡುವೆ ಆಳೆತ್ತರದ ಹಳೆಯ ಕಲ್ಲುಗೋಡೆ ಇತ್ತು. ಅದರ ಮೇಲಿಂದ ಒಂದು ಕೊಂಬೆ ನಮ್ಮ ಕಡೆಗೆ ಬಾಗಿತ್ತು. ಬೆರಳು ಅಗಲಿಸಿ ಹಿಡಿದ ಅಂಗೈಯಂಥ ಎಲೆಗಳು. ಬಿಸಿಲು ಬಿದ್ದು ಗಾಳಿ ಆಡಿದಾಗಲೆಲ್ಲ ತೆಂಗಿನಕಾಯಿಯ ವಾಸನೆ ಅಲ್ಲಿಂದಲೇ ಬರುತ್ತಿತ್ತು. ನಂಬಿಕೆಯಾಗದೆ ಒಂದು ಎಲೆ ಮುರಿದೆ. ತೊಟ್ಟಿನಿಂದ ಬಿಳಿ ಹಾಲು ಒಸರಿತು.

“ಆ ಕೈಯಲ್ಲಿ ಕಣ್ಣು ಉಜ್ಕೋಬೇಡ, ಉರಿಯುತ್ತೆ,” ಎಂದಿತು ಗೋಡೆ.

ಗೋಡೆಯ ಆ ಕಡೆ ಇದ್ದವರು ಎಂಬತ್ತರ ಹತ್ತಿರದ ಒಬ್ಬ ಹೆಂಗಸು. ಒಂದು ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ಮದುವೆಯಾದವರಲ್ಲ, ಒಬ್ಬರೇ ಇದ್ದವರು. ಎಲೆ ಮುರಿದ ಸದ್ದಿಗೇ ನನ್ನ ಕಳ್ಳತನ ಅವರಿಗೆ ತಿಳಿದಿತ್ತು. ತಮ್ಮನ್ನು ಹೆಸರು ಹಿಡಿದೇ ಕರೆಯಬೇಕು ಎಂದು ಅವತ್ತೇ ಹೇಳಿದರು. ಅಮ್ಮನಿಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದಕ್ಕೆ ನನ್ನ ನಾಲಿಗೆ ಹೊರಳಲಿಲ್ಲ. ಮನಸ್ಸಿನಲ್ಲಿ ಅಜ್ಜಿ ಎಂದುಕೊಂಡೆ, ಬಾಯಲ್ಲಿ ಏನೂ ಕರೆಯದೆಯೇ ವರ್ಷಗಟ್ಟಲೆ ನಿಭಾಯಿಸಿದೆ. ಅವರು ಆಡುತ್ತಿದ್ದದ್ದು ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಅದಕ್ಕೆ ನಾನೇನು ಮಾಡಲಿ.

ಅದು ಅಂಜೂರದ ಮರ. ಆ ಚಳಿಯಲ್ಲಿ, ಆ ಮಳೆಯಲ್ಲಿ, ಅಟ್ಲಾಂಟಿಕ್ ಕಡೆಯಿಂದ ಬೀಸುವ ಆ ಗಾಳಿಯಲ್ಲಿ ಅಂಜೂರ! ನಾನು ಮೈಸೂರಿನವಳು. ಚಿಕ್ಕಂದಿನಲ್ಲಿ ಗಂಜಾಮಿನ ಅಂಜೂರವನ್ನು ಎಲೆಯ ಮೇಲೆ ಸಾಲಾಗಿ ಜೋಡಿಸಿ ಮಾರುತ್ತಿದ್ದುದನ್ನು ಕಂಡವಳು. ಅಂಜೂರವೆಂದರೆ ಸುಡುವ ಬಿಸಿಲಿನ ಹಣ್ಣು ಎಂದೇ ನನ್ನ ಲೆಕ್ಕ. ಅಜ್ಜಿ ನನ್ನನ್ನು ತಮ್ಮ ಹಿತ್ತಲಿಗೆ ಕರೆದು, ಗೋಡೆಗೆ ಒರಗಿದ್ದ ಮರದ ಹಿಂದೆ ನನ್ನ ಅಂಗೈಯನ್ನು ಕಲ್ಲಿನ ಮೇಲೆ ಒತ್ತಿ ಇಡಿಸಿದರು. ಕಲ್ಲು ಬೆಚ್ಚಗಿತ್ತು. ಗೋಡೆಯ ಆ ಮುಖ ದಕ್ಷಿಣಕ್ಕಿತ್ತು. ಸಿಕ್ಕಷ್ಟು ಬಿಸಿಲನ್ನು ಹಗಲೆಲ್ಲ ಹೀರಿಕೊಂಡು ಸಂಜೆಯೆಲ್ಲ ಮರಕ್ಕೆ ಕೊಡುತ್ತಿತ್ತು. ನಮ್ಮ ಬದಿಯ ಗೋಡೆ ಪಾಚಿ ಹಿಡಿದು ತಣ್ಣಗಿತ್ತು. ಒಂದೇ ಗೋಡೆ, ಆ ಕಡೆ ಒಂದು ದೇಶ, ಈ ಕಡೆ ಇನ್ನೊಂದು ದೇಶ.

ಆ ಮರದ ಕಥೆಯನ್ನು ಅವರು ಹೇಳಿದ್ದು ಅದೇ ಗೋಡೆಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತಿದ್ದಾಗ. ಅವರ ಅಮ್ಮ ಹುಡುಗಿಯಾಗಿದ್ದಾಗ ಒಬ್ಬ ದೊಡ್ಡ ಜಮೀನ್ದಾರರ ಬಂಗಲೆಯಲ್ಲಿ ಅಡುಗೆಮನೆಯ ಕೆಲಸಕ್ಕಿದ್ದರಂತೆ. ಸುತ್ತ ಎತ್ತರದ ಗೋಡೆ ಕಟ್ಟಿದ ತೋಟದಲ್ಲಿ ಅಂಜೂರ. ಹಣ್ಣು ದೊಡ್ಡವರ ಮೇಜಿಗೆ ಮಾತ್ರ. ಒಂದು ಜನವರಿಯಲ್ಲಿ ಮಾಲಿ ಮರ ಸವರಿ ಕಡ್ಡಿಗಳನ್ನು ಬೆಂಕಿಗೆಂದು ರಾಶಿ ಹಾಕಿದ್ದ. ಅಮ್ಮ ಅದರಲ್ಲಿ ಒಂದನ್ನು ಎತ್ತಿಕೊಂಡು, ರವಿಕೆಯೊಳಗೆ ಮೈಗೆ ಒತ್ತಿ ಇಟ್ಟುಕೊಂಡು, ಹಿಮ ಬಿದ್ದ ದಾರಿಯಲ್ಲಿ ಮನೆಯವರೆಗೂ ನಡೆದಿದ್ದರು.

“ಚಳಿಗೆ ಕಡ್ಡಿ ಸಾಯಬಾರದು ಅಂತ ಮೈಗೆ ಹಚ್ಕೊಂಡಿದ್ದಳಂತೆ. ಅಮ್ಮ ಜೀವಮಾನದಲ್ಲಿ ಕದ್ದಿದ್ದು ಅದೊಂದೇ,” ಎಂದರು ಅಜ್ಜಿ. “ಪ್ರತಿ ವರ್ಷ ಅದನ್ನ ಪಾದ್ರಿ ಹತ್ರ ಒಪ್ಕೊಳ್ತಿದ್ದಳು. ಪ್ರತಿ ವರ್ಷ ಹಣ್ಣೂ ತಿಂತಿದ್ದಳು.”

ನಾನು ನಮ್ಮ ದೊಡ್ಡಮ್ಮನ ವಿಷಯ ಹೇಳಿದೆ. ಕೇಳಿ ತಂದ ಗಿಡ ಬೇರು ಬಿಡುವುದಿಲ್ಲವೆಂದು ನಂಬಿದ್ದ ದೊಡ್ಡಮ್ಮ, ಯಾರ ಮನೆಯ ಅರಿಶಿನ ಕುಂಕುಮಕ್ಕೆ ಹೋದರೂ ಕೈಚೀಲದಲ್ಲಿ ಒಂದು ಅರ್ಧ ಬ್ಲೇಡು ಇಟ್ಟುಕೊಂಡೇ ಹೋಗುತ್ತಿದ್ದರು. ಅವರ ಹಿತ್ತಲಿನ ದಾಸವಾಳ, ಕನಕಾಂಬರ, ನಂದಿಬಟ್ಟಲು ಎಲ್ಲವೂ ಬೀದಿಯವರದ್ದೇ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಅಮ್ಮ, ನನ್ನ ದೊಡ್ಡಮ್ಮ ಇಬ್ಬರೂ ಒಂದೇ ಊರಿನಲ್ಲಿ ಇದ್ದಿದ್ದರೆ ಆ ಊರಿನ ತೋಟಗಳ ಗತಿ ಏನಾಗುತ್ತಿತ್ತು ಎಂದರು.

ಆಮೇಲಿನ ಮೂರು ವರ್ಷ ನನ್ನ ಜೀವನ ಎರಡು ಬಣ್ಣದಲ್ಲಿ ಕಳೆಯಿತು. ವಾರವಿಡೀ ಊರಂಚಿನ ಪಾರ್ಕ್‌ಮೋರಿನ ಒಂದು ಕಾರ್ಖಾನೆಯಲ್ಲಿ, ರಕ್ತನಾಳದೊಳಗೆ ತೂರಿಸುವ ಕೂದಲಿನಷ್ಟು ಸಪೂರ ಕೊಳವೆಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಪರೀಕ್ಷಿಸುವ ಕೆಲಸ. ಬಿಳಿ ಕೋಣೆ, ಬಿಳಿ ನಿಲುವಂಗಿ, ಬಿಳಿ ಟೊಪ್ಪಿ, ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿದ ಮುಖಗಳು. ಒಳಗೆ ಹೋಗುವ ಮುಂಚೆ ಉಗುರು ತೋರಿಸಬೇಕು. ಸೋಮವಾರ ಬೆಳಿಗ್ಗೆ ನನ್ನ ಉಗುರಿನ ಸಂದಿಯಲ್ಲಿ ಮಣ್ಣು ಕಂಡು ಸೂಪರ್‌ವೈಸರ್ ಹುಬ್ಬೇರಿಸುತ್ತಿದ್ದಳು. ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಾ ನಾನು ಹಿಂದಿನ ದಿನದ ಹಸಿರನ್ನು ನೆನೆಯುತ್ತಿದ್ದೆ.

ಅಜ್ಜಿಯಿಂದ ಕಲಿತದ್ದು ಒಂದೆರಡಲ್ಲ. ಬೇರಿಗೆ ಜಾಗ ಜಾಸ್ತಿ ಕೊಟ್ಟರೆ ಮರ ಬರೀ ಎಲೆ ಬಿಟ್ಟು ಮೆರೆಯುತ್ತದೆ, ಹಣ್ಣು ಬಿಡುವುದಿಲ್ಲ. ಅದಕ್ಕೇ ಅವರ ಅಮ್ಮ ಬುಡದ ಸುತ್ತ ಚಪ್ಪಡಿ ಹೂತಿದ್ದರು. ನವೆಂಬರಿನಲ್ಲಿ ಮರದಲ್ಲಿ ಉಳಿದಿರುವ ದಪ್ಪ ಹಸಿಕಾಯಿಗಳನ್ನೆಲ್ಲ ಕಿತ್ತುಹಾಕಬೇಕು, ಕೊಂಬೆಯ ತುದಿಯಲ್ಲಿರುವ ಬಟಾಣಿ ಗಾತ್ರದ ಕುಡಿಗಳನ್ನು ಮಾತ್ರ ಬಿಡಬೇಕು. ಮುಂದಿನ ಆಗಸ್ಟಿಗೆ ಹಣ್ಣಾಗುವುದು ಅವೇ. ಇದನ್ನು ಕೇಳಿ ನನ್ನ ಹೊಟ್ಟೆ ಉರಿಯಿತು. ಮರದಲ್ಲಿ ಬಿಟ್ಟ ಕಾಯನ್ನು ಯಾರಾದರೂ ಎಸೆಯುತ್ತಾರೆಯೇ? ಒಂದು ಬುಟ್ಟಿ ಮನೆಗೆ ಹೊತ್ತು ತಂದು, ಮೂರು ಸಲ ನೀರು ಬಸಿದು ಬೇಯಿಸಿ, ಹುಳಿ ಮಾಡಿದೆ. ಗಂಡ ತಟ್ಟೆಯನ್ನು ಅತ್ತಿತ್ತ ತಿರುಗಿಸಿ ನೋಡಿ, “ಚೆನ್ನಾಗೈತೆ, ಆದ್ರೆ ಇನ್ನೊಂದ್ಸಲ ಮಾಡ್ಬೇಡ,” ಎಂದ.

ಆಗಸ್ಟಿನಲ್ಲಿ ಹಣ್ಣಿನ ಕತ್ತು ಬಾಗಿ, ಸಿಪ್ಪೆ ಸಣ್ಣಗೆ ಬಿರಿದು, ಅಡಿಯಲ್ಲಿ ಒಂದು ಹನಿ ಜೇನು ನಿಲ್ಲುತ್ತಿತ್ತು. ಆ ಹನಿ ಕಂಡ ದಿನವೇ ಕೀಳಬೇಕು. ಬೆಂಚಿನ ಮೇಲೆ ಕೂತು ಇಬ್ಬರೂ ತಿನ್ನುತ್ತಿದ್ದೆವು. ಬೆನ್ನಿಗೆ ಬೆಚ್ಚಗಿನ ಕಲ್ಲು, ತಲೆಯ ಮೇಲೆ ತೆಂಗಿನಕಾಯಿಯ ವಾಸನೆ, ಸಂಜೆ ಒಂಬತ್ತಾದರೂ ಮುಗಿಯದ ಬೆಳಕು. ಎಷ್ಟೋ ಸಲ ಕೂತಲ್ಲೇ ಕಣ್ಣು ಮುಚ್ಚಿ ಹೋಗುತ್ತಿತ್ತು. ಎಚ್ಚರವಾದಾಗ ಒಂದು ಕ್ಷಣ ಯಾವ ಊರು, ಎಷ್ಟು ವಯಸ್ಸು, ಒಳಗೆ ಯಾರು ಕಾಯಿ ತುರಿಯುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಆ ಒಂದು ಕ್ಷಣಕ್ಕಾಗಿಯೇ ನಾನು ಅಲ್ಲಿಗೆ ಹೋಗುತ್ತಿದ್ದೆ ಅಂತ ಈಗ ಅನಿಸುತ್ತದೆ. ಅಜ್ಜಿ ನನ್ನನ್ನು ಎಬ್ಬಿಸುತ್ತಿರಲಿಲ್ಲ. ಒಮ್ಮೆ ಎದ್ದಾಗ ನನ್ನ ಮಡಿಲ ಮೇಲೆ ಅವರ ಕಂಬಳಿ ಇತ್ತು.

ನಾಲ್ಕನೆಯ ವರ್ಷ ಚಳಿಗಾಲದ ಆರಂಭದಲ್ಲಿ ಅಜ್ಜಿ ಮೆಟ್ಟಿಲ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದವರು ವಾಕರ್ ಹಿಡಿದು ನಡೆಯುತ್ತಿದ್ದರು. ಇನ್ನು ಒಬ್ಬರೇ ಇರಲಾಗದು ಎಂದು ಅವರೇ ತೀರ್ಮಾನಿಸಿ, ಊರಾಚೆಯ ಒಂದು ವೃದ್ಧಾಶ್ರಮಕ್ಕೆ ಹೆಸರು ಕೊಟ್ಟರು. ಮನೆ ಮಾರಾಟವಾಯಿತು. ಕೊಂಡವರು ಹಿಂದುಗಡೆ ಎರಡು ಕೋಣೆ ಬೆಳೆಸುವವರಿದ್ದರು. ಮರ ಇದ್ದ ಜಾಗವೇ ಅದು.

ಜನವರಿಯ ಒಂದು ಶನಿವಾರ ನನ್ನನ್ನು ಕರೆದರು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಎಲೆಯೆಲ್ಲ ಉದುರಿ ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಅವರು ಹೇಳುತ್ತಾ ಹೋದರು, ನಾನು ಕತ್ತರಿಸುತ್ತಾ ಹೋದೆ. ಪೆನ್ಸಿಲ್ಲಿನಷ್ಟು ದಪ್ಪ, ಒಂದು ಗೇಣು ಉದ್ದ, ಕಡ್ಡಿಗೆ ನಾಲ್ಕು ಗೆಣ್ಣು. ಬುಡದಲ್ಲಿ ಗೆಣ್ಣಿನ ಕೆಳಗೆ ನೇರವಾಗಿ ಕತ್ತರಿಸಬೇಕು, ತಲೆಯನ್ನು ಓರೆಯಾಗಿ. ಇಲ್ಲದಿದ್ದರೆ ಯಾವುದು ತಲೆ ಯಾವುದು ಬುಡ ಎಂದು ಆಮೇಲೆ ತಿಳಿಯುವುದಿಲ್ಲ. ಒಳ್ಳೆಯ ಹತ್ತು ಕಡ್ಡಿಗಳನ್ನು ಆರಿಸಿ ಎಣಿಸಿ ನನ್ನ ಕೈಗೆ ಕೊಟ್ಟರು.

“ಅದರಲ್ಲಿ ಬೇರು ಬಿಟ್ಟಿದ್ದು ಒಂದು ನನಗೆ ಕೊಟ್ರೆ ಸಾಕು. ಉಳಿದಿದ್ದು ನಿಂದು,” ಎಂದರು. “ಅಲ್ಲಿ ನನ್ನ ರೂಮಿನ ಹೊರಗೆ ಒಂದು ಸಣ್ಣ ಕಲ್ಲುಹಾಸು ಇದೆ. ಗೋಡೆ ದಕ್ಷಿಣಕ್ಕಿದೆ, ನೋಡ್ಕೊಂಡು ಬಂದಿದೀನಿ. ಒಂದು ಕುಂಡ ಇಡಬಹುದು ಅಂದ್ರು. ಅಮ್ಮಂದು ಅಂತ ನನ್ನ ಹತ್ರ ಇರೋದು ಇದೊಂದೇ.”

“ತಂದುಕೊಡ್ತೀನಿ,” ಎಂದೆ. ಹಾಗೆ ಮಾತು ಕೊಡುವಾಗ ನನ್ನ ಎದೆ ಹೆಮ್ಮೆಯಿಂದ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

“ಮಣ್ಣು ಹಿಂಡಿದ ಬಟ್ಟೆ ಹಾಗಿರಬೇಕು, ಅಷ್ಟೇ. ನೆಟ್ಟಮೇಲೆ ಅದನ್ನ ಮರೆತುಬಿಡು. ಬೇರಿಲ್ಲದ್ದು ನೀರು ಕುಡಿಯಲ್ಲ,” ಎಂದು ಹೇಳಿ, ಟೀಗೆ ನೀರಿಡಲು ವಾಕರ್ ತಳ್ಳಿಕೊಂಡು ಒಳಗೆ ಹೋದರು.

ಆಗ ನಾನೊಂದು ಕೆಲಸ ಮಾಡಿದೆ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಕರಿಬೇವಿನ ಗಿಡ ಇತ್ತು. ಚಳಿಗೆ ಸೊರಗಿ ಒಂದು ಕಡೆಗೆ ವಾಲಿತ್ತು. ಅದಕ್ಕೆ ಆಸರೆ ಕೊಡಲು ಒಂದು ಕೋಲು ಬೇಕಿತ್ತು. ಕಸಕ್ಕೆಂದು ಬಿದ್ದಿದ್ದ ರಾಶಿಯಿಂದ ಒಂದು ಸೊಟ್ಟ ಕಡ್ಡಿ ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡೆ. ಕೇಳಿದ್ದರೆ ಕೊಡುತ್ತಿದ್ದರು. ಆದರೆ ಅಷ್ಟೊಂದು ಪ್ರೀತಿಯಿಂದ ಎಣಿಸಿ ಕೊಟ್ಟಮೇಲೆ ಕರಿಬೇವಿಗೆ ಊರುಗೋಲು ಮಾಡಲು ಇನ್ನೊಂದು ಕೊಡಿ ಎಂದು ಕೇಳುವುದು ಹೇಗೆ? ಟೀ ಬರುವಷ್ಟರಲ್ಲಿ ಏನೂ ಆಗದವಳ ಹಾಗೆ ಕೂತಿದ್ದೆ.

ಹತ್ತು ಕಡ್ಡಿಗೆ ಹತ್ತು ಕುಂಡ. ಮರಳು ಬೆರೆಸಿದ ಮಣ್ಣು. ಫ್ಯಾಕ್ಟರಿಯ ಅಭ್ಯಾಸ ಬಿಡಬೇಕಲ್ಲ, ಒಂದರಿಂದ ಹತ್ತರವರೆಗೆ ಲೇಬಲ್ ಅಂಟಿಸಿ ಹಿಂಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಸಾಲಾಗಿ ಇಟ್ಟೆ. ಹನ್ನೊಂದನೆಯ ಕಡ್ಡಿಗೆ ಲೇಬಲ್ಲೂ ಇರಲಿಲ್ಲ, ಕುಂಡವೂ ಇರಲಿಲ್ಲ. ಅದನ್ನು ಕರಿಬೇವಿನ ಮಣ್ಣಿಗೆ ಚುಚ್ಚಿ, ಗಿಡವನ್ನು ದಾರದಿಂದ ಕಟ್ಟಿದೆ. ಆಮೇಲೆ ಅದರ ನೆನಪೇ ಇರಲಿಲ್ಲ.

ಇನ್ನು ನಮ್ಮ ಮನೆಯ ಸಂಪ್ರದಾಯ ಹೇಳಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಸ್ನಾನ ಮಾಡಿ, ತುಳಸಿಗೆ ಒಂದು ಚೊಂಬು ನೀರು ಹಾಕದೆ ಯಾರ ಬಾಯಿಗೂ ಕಾಫಿ ಹೋಗುತ್ತಿರಲಿಲ್ಲ. ತುಳಸಿಯ ಜೊತೆಗೆ ಉಳಿದ ಗಿಡಗಳಿಗೂ ಅಷ್ಟಷ್ಟು. ಗಿಡ ಬಾಯಾರಿಕೊಂಡಿರುವಾಗ ನಾವು ಕುಡಿಯುವುದು ಅಮ್ಮನ ಕಣ್ಣಿಗೆ ದೊಡ್ಡ ಪಾಪ. ಆ ಹಿತ್ತಾಳೆ ಚೊಂಬನ್ನು ಅಮ್ಮ ನನ್ನ ಸೂಟ್‌ಕೇಸಿಗೆ ತಾನೇ ತುರುಕಿ ಕಳಿಸಿದ್ದಳು. ಐರ್ಲೆಂಡಿನಲ್ಲಿ ತುಳಸಿ ಮೂರು ಸಲ ಸತ್ತು, ನಾನು ಆ ಆಸೆ ಬಿಟ್ಟಿದ್ದೆ. ಚೊಂಬು ಅಟ್ಟದಲ್ಲಿತ್ತು. ಹತ್ತು ಕುಂಡ ಬಂದದ್ದೇ ತಡ, ಚೊಂಬು ಇಳಿದು ಬಂತು.

ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಒದ್ದೆ ತಲೆಗೆ ಟವೆಲ್ ಸುತ್ತಿ, ಆ ಸಣ್ಣ ಕೋಣೆಗೆ ಹೋಗುತ್ತಿದ್ದೆ. ಹೊರಗೆ ಇನ್ನೂ ಕತ್ತಲೆ, ಗಾಜಿನ ಮೇಲೆ ಮಳೆಹನಿ. ಒಂದರಿಂದ ಹತ್ತರವರೆಗೆ ಚೊಂಬಿನಿಂದ ನೀರು. ಕೈ ತಾನಾಗಿ ಆಡುತ್ತಿತ್ತು, ಬಾಯಿ ತಾನಾಗಿ ಅಮ್ಮನ ಶ್ಲೋಕ ಗುನುಗುತ್ತಿತ್ತು. ಆ ಕೆಲವು ನಿಮಿಷ ನಾನು ಎಲ್ಲಿಯೂ ಇಲ್ಲದೆ ಎಲ್ಲ ಕಡೆಯೂ ಇರುತ್ತಿದ್ದೆ. ಆಮೇಲೆ ಕಾಫಿ. ಅಷ್ಟು ರುಚಿಯಾದ ಕಾಫಿಯನ್ನು ಈ ದೇಶದಲ್ಲಿ ನಾನು ಅದುವರೆಗೆ ಕುಡಿದಿರಲಿಲ್ಲ. ಅಜ್ಜಿ ಹೇಳಿದ ಮಾತು ನೆನಪಿರಲಿಲ್ಲವೆಂದಲ್ಲ. ಮರೆತುಬಿಡು ಎಂದರೆ ಹೇಗೆ ಮರೆಯುವುದು? ಪ್ರೀತಿಯಿರುವ ಕಡೆ ಒಂದು ಚೊಂಬು ನೀರು ಹಾಕಿದರೆ ತಪ್ಪೇನು ಎಂದುಕೊಂಡೆ.

ತಮಾಷೆಯೆಂದರೆ, ಕರಿಬೇವಿಗೆ ಚಳಿಗಾಲದಲ್ಲಿ ನೀರು ಹಾಕಬಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವಾರಕ್ಕೊಮ್ಮೆ ಅರ್ಧ ಲೋಟ, ಅದಕ್ಕಿಂತ ಹೆಚ್ಚು ಕೊಟ್ಟರೆ ಬೇರು ಕೊಳೆಯುತ್ತದೆ ಎಂಬುದು ಇಲ್ಲಿನ ಕನ್ನಡ ಹೆಂಗಸರೆಲ್ಲ ಒಂದೊಂದು ಗಿಡ ಕೊಂದು ಕಲಿತ ಪಾಠ. ಆ ಪಾಠ ಅಂಜೂರಕ್ಕೂ ಅನ್ವಯಿಸುತ್ತದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಫೆಬ್ರವರಿಯಲ್ಲಿ ಅಜ್ಜಿ ವೃದ್ಧಾಶ್ರಮಕ್ಕೆ ಹೋದರು. ಮಾರ್ಚ್ ಮೊದಲ ವಾರ ಒಂದು ದಿನ ಕೆಲಸದಿಂದ ಮನೆಗೆ ಬಂದಾಗ ಹಿತ್ತಲಲ್ಲಿ ಬೆಳಕು ಜಾಸ್ತಿಯಾದಂತೆ ಕಂಡಿತು. ಗೋಡೆಯ ಮೇಲೆ ಕೊಂಬೆ ಇರಲಿಲ್ಲ. ಸ್ಟೂಲ್ ಹಾಕಿ ಹತ್ತಿ ನೋಡಿದೆ. ಮರವಿದ್ದ ಕಡೆ ಒಂದು ಗುಂಡಿ, ಪಕ್ಕದಲ್ಲಿ ಕಿತ್ತಿಟ್ಟ ಚಪ್ಪಡಿಗಳು. ಕೊಂಬೆ, ಬೇರು ಎಲ್ಲವನ್ನೂ ಲಾರಿ ಹೊತ್ತುಕೊಂಡು ಹೋಗಿತ್ತು. ಸ್ಟೂಲಿನ ಮೇಲೆ ನಿಂತೇ ಅತ್ತೆ. ಪುಣ್ಯಕ್ಕೆ ಹತ್ತು ಕಡ್ಡಿ ನನ್ನ ಹತ್ತಿರ ಇವೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಒಳಗೆ ಬಂದು, ಒಂದನೆಯ ಕುಂಡದ ಕಡ್ಡಿಯನ್ನು ಮೆಲ್ಲಗೆ ಮುಟ್ಟಿದೆ. ಅದು ಹಣ್ಣಾದ ಬಾಳೆಯ ಹಾಗೆ ಮೆತ್ತಗಿತ್ತು. ಎಳೆದೆ. ಸಲೀಸಾಗಿ ಬಂತು. ಬುಡ ಕಪ್ಪಗೆ ಕೊಳೆತು ನಾರುತ್ತಿತ್ತು.

ಎರಡು, ಮೂರು, ನಾಲ್ಕು. ಹತ್ತರವರೆಗೂ ಹಾಗೆಯೇ. ಲೇಬಲ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಚೊಂಬನ್ನು ಗೋಡೆಗೆ ಎಸೆದೆ. ಕೋಪ ಬಂದರೆ ನನಗೆ ಮುಂದುಹಿಂದು ಕಾಣುವುದಿಲ್ಲ. ಸದ್ದಿಗೆ ಗಂಡ ಮೀಟಿಂಗ್ ಬಿಟ್ಟು ಓಡಿಬಂದ. ಕುಂಡ ನೋಡಿದ, ನನ್ನನ್ನು ನೋಡಿದ, ಬಾಗಿ ಚೊಂಬು ಎತ್ತಿಟ್ಟ. ಚೊಂಬಿನ ಕಂಠ ನೆಗ್ಗಿತ್ತು.

“ಹೋಗಿ ನಿಜ ಹೇಳ್ಬಿಡು. ಅವ್ರು ಏನೂ ಅಂದ್ಕೊಳಲ್ಲ,” ಎಂದ.

“ನೀನು ಸುಮ್ನಿರು. ಅವ್ರ ಅಮ್ಮನ್ನ ನಾನು ಕೊಂದ್ಬಿಟ್ಟಿದೀನಿ,” ಎಂದೆ.

ಭಾನುವಾರ ವೃದ್ಧಾಶ್ರಮಕ್ಕೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಅಜ್ಜಿ ಗಾಜಿನ ಬಾಗಿಲ ಮುಂದೆ ಕೂತಿದ್ದರು. ಹೊರಗಿನ ಕಲ್ಲುಹಾಸಿನ ಮೇಲೆ ಒಂದು ದೊಡ್ಡ ಮಣ್ಣಿನ ಕುಂಡ ಖಾಲಿ ಇತ್ತು. ಗೋಡೆಗೆ ಒರಗಿಸಿ, ಬಿಸಿಲು ಬೀಳುವ ಕಡೆಗೇ ಇಡಿಸಿದ್ದರು.

“ಹೇಗಿದಾವೆ ನಮ್ಮವು?” ಎಂದರು.

“ಗ್ರ್ಯಾಂಡ್,” ಎಂದೆ.

ಚೆನ್ನಾಗಿದೆ ಎಂಬರ್ಥದ ಆ ಒಂದು ಮಾತಿನಿಂದ ಈ ದೇಶದಲ್ಲಿ ಇಡೀ ಜೀವನ ದೂಡಬಹುದು. ಜ್ವರ ಬಂದವರೂ ಗ್ರ್ಯಾಂಡ್, ಮಳೆಯಲ್ಲಿ ನೆಂದವರೂ ಗ್ರ್ಯಾಂಡ್. ಮುಂದಿನ ಭಾನುವಾರವೂ ಗ್ರ್ಯಾಂಡ್ ಎಂದೆ, ಅದರ ಮುಂದಿನ ಭಾನುವಾರವೂ. ಪ್ರತಿ ಸಲ ಆ ಖಾಲಿ ಕುಂಡ ನನ್ನ ಕಣ್ಣಿಗೆ ಬೀಳುತ್ತಿತ್ತು. ನಾಚಿಕೆಯಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ದಿನ ನರ್ಸರಿಗೆ ಹೋದೆ. ಅಲ್ಲಿ ಬ್ರೌನ್ ಟರ್ಕಿ ಜಾತಿಯ ಅಂಜೂರದ ಸಸಿಗಳು ಸಾಲಾಗಿದ್ದವು, ಒಂದೊಂದರಲ್ಲೂ ಎರಡೆರಡು ಎಳೆ ಎಲೆ. ಒಂದನ್ನು ಎತ್ತಿ ಅಂಗಡಿಯ ತಳ್ಳುಗಾಡಿಯಲ್ಲಿಟ್ಟುಕೊಂಡೆ. ಲೇಬಲ್ ಕಿತ್ತು ಹಳೆ ಕುಂಡಕ್ಕೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ಬಾಗಿ ಎಲೆ ಮೂಸಿದೆ. ಅದೇ ತೆಂಗಿನಕಾಯಿ. ಅದೇ ಜಾತಿ, ಅದೇ ಹಾಲು. ಆದರೆ ಆ ಸಸಿಯನ್ನು ಯಾರೂ ರವಿಕೆಯೊಳಗೆ ಬಚ್ಚಿಟ್ಟುಕೊಂಡು ಹಿಮದಲ್ಲಿ ನಡೆದಿರಲಿಲ್ಲ. ಎಂಬತ್ತು ದಾಟಿದ ಹೆಂಗಸಿಗೆ ಅವರ ಅಮ್ಮನ ವಿಷಯದಲ್ಲಿ ಮೋಸ ಮಾಡುವಷ್ಟು ಕೆಟ್ಟವಳಲ್ಲ ನಾನು. ಅದನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಬಂದೆ.

ಏಪ್ರಿಲ್ ಕೊನೆಗೆ ಕಿಟಕಿಯ ಕರಿಬೇವಿನ ಕುಂಡದಲ್ಲಿ ಒಂದು ಹಸಿರು ಮೊಳಕೆ ಕಂಡಿತು. ಎಲೆಯೆಲ್ಲ ಉದುರಿ ಕಡ್ಡಿಯಾಗಿದ್ದ ಗಿಡ ಚಿಗುರಿದೆಯೆಂದು ಕುಣಿದಾಡಿದೆ. ಫೋಟೋ ತೆಗೆದು ಇಲ್ಲಿನ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಭಿನಂದನೆಗಳ ಮಳೆಯಾಯಿತು. ಯಾವ ಗೊಬ್ಬರ ಎಂದು ಡ್ರೋಹೆಡಾ ಊರಿನಿಂದ ಒಬ್ಬರು ಕೇಳಿದರು. ಒಂದು ವಾರ ನಾನು ಆ ಗುಂಪಿನ ಕರಿಬೇವು ಪಂಡಿತೆಯಾಗಿ ಮೆರೆದೆ.

ಇಲ್ಲೇ ಬೆಳೆಯುತ್ತಿದ್ದ ಹತ್ತು ವರ್ಷದ ಮಗಳು ಒಂದು ಬೆಳಿಗ್ಗೆ ಸಿಂಕಿನ ಮುಂದೆ ಲೋಟ ತೊಳೆಯುತ್ತಾ, “ಅಮ್ಮಾ, ದಟ್ಸ್ ನಾಟ್ ಕರಿಬೇವು ಅಟ್ ಆಲ್,” ಎಂದಳು.

“ನಿಂಗೇನೇ ಗೊತ್ತು ಕರಿಬೇವು?” ಎಂದು ಗದರಿಸುತ್ತಾ ಹತ್ತಿರ ಹೋದೆ. ಮೊಳಕೆ ಬಿಚ್ಚಿತ್ತು. ಹೆಬ್ಬೆರಳಷ್ಟು ಅಗಲದ ಒಂದು ಎಲೆ, ಅದರಲ್ಲಿ ಪುಟ್ಟಪುಟ್ಟ ಮೂರು ಬೆರಳು. ಅದು ಹುಟ್ಟಿದ್ದು ಕರಿಬೇವಿನಿಂದಲ್ಲ, ಆಸರೆಗೆ ಚುಚ್ಚಿದ್ದ ಸೊಟ್ಟ ಕಡ್ಡಿಯಿಂದ. ಕರಿಬೇವು ಯಾವಾಗಲೋ ಸತ್ತು, ದಾರದಲ್ಲಿ ಕಟ್ಟಿದ್ದರಿಂದಷ್ಟೇ ನಿಂತಿತ್ತು. ಮೂಗು ತಾಗಿಸಿ ಮೂಸಿದೆ. ಕಾಯಿ ತುರಿಯುವ ವಾಸನೆ, ಬಹಳ ದೂರದಲ್ಲಿ ಯಾರೋ ತುರಿದ ಹಾಗೆ. ಮಗಳನ್ನು ಒದ್ದೆ ಕೈಯಲ್ಲೇ ತಬ್ಬಿಕೊಂಡು ಅತ್ತೆ. ಅವಳು ಗಾಬರಿಯಾಗಿ ಅಪ್ಪನನ್ನು ಕೂಗಿದಳು.

ಅವತ್ತಿನಿಂದ ಅದಕ್ಕೆ ಒಂದು ತೊಟ್ಟು ನೀರನ್ನೂ ಹೆಚ್ಚು ಹಾಕಲಿಲ್ಲ. ಚೊಂಬನ್ನು ಗಂಡ ಬಚ್ಚಿಟ್ಟ. ಇದೂ ಸತ್ತರೆ ಎಂಬ ಭಯಕ್ಕೆ ಅಜ್ಜಿಗೂ ಹೇಳಲಿಲ್ಲ. ಜೂನಿನಲ್ಲಿ ಐದು ಎಲೆಯಾದಾಗ ಕಾರಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿಕೊಂಡು ವೃದ್ಧಾಶ್ರಮಕ್ಕೆ ಹೋದೆ. ಸುಮ್ಮನೆ ಕೊಟ್ಟು ಬರಬಹುದಿತ್ತು. ಹೇಳಿದ್ದ ಸುಳ್ಳೆಲ್ಲ ಅದರ ಅಡಿಗೆ ಮುಚ್ಚಿ ಹೋಗುತ್ತಿತ್ತು. ಅಜ್ಜಿಯ ಮಡಿಲ ಮೇಲೆ ಕುಂಡ ಇಟ್ಟೆ. ಅವರು ಎಲೆಯನ್ನು ಎರಡು ಬೆರಳಲ್ಲಿ ಹಿಡಿದರು, ಕಣ್ಣು ಮುಚ್ಚಿದರು. ನನಗೆ ತಡೆಯಲಾಗಲಿಲ್ಲ.

“ನೀವು ಕೊಟ್ಟ ಹತ್ತೂ ಸತ್ತೋದ್ವು. ನಾನೇ ದಿನಾ ನೀರು ಹಾಕಿ ಸಾಯಿಸ್ದೆ. ಗ್ರ್ಯಾಂಡ್ ಅಂತ ಸುಳ್ಳು ಹೇಳ್ತಿದ್ದೆ.”

“ಗೊತ್ತು,” ಎಂದರು ಕಣ್ಣು ತೆರೆಯದೆ.

“ಹೇಗೆ?”

“ಚಿಗುರಿದ್ರೆ ನೀನು ಫೋಟೋ ತೋರಿಸದೆ ಬಿಡೋಳಾ? ನಿನ್ನ ಹುಳಿದೇ ನನಗೆ ಆರು ಫೋಟೋ ಕಳಿಸಿದ್ದೆ.”

ಮೂರು ತಿಂಗಳು ಎಲ್ಲ ತಿಳಿದೇ ಅವರು ಪ್ರತಿ ಭಾನುವಾರ ಕೇಳಿದ್ದರು. ನಿಜ ಹೇಳಲು ನನಗೆ ಪ್ರತಿ ಭಾನುವಾರ ಒಂದು ಅವಕಾಶ ಕೊಟ್ಟಿದ್ದರು. ನನಗೆ ತಲೆ ಎತ್ತಲಾಗಲಿಲ್ಲ.

“ಮತ್ತೆ ಇದು?” ಎಂದರು.

“ಇದು... ನೀವು ಟೀ ಮಾಡೋಕೆ ಒಳಗೆ ಹೋದಾಗ ರಾಶಿಯಿಂದ ಕದ್ದಿದ್ದು. ಕರಿಬೇವಿಗೆ ಕೋಲು ಮಾಡೋಕೆ.”

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂದು, ನರ್ಸ್ ಬಾಗಿಲಲ್ಲಿ ತಲೆ ಹಾಕಿ ಹೋದಳು. ನಾನೂ ನಕ್ಕೆ. ಯಾವಾಗ ನಗು ಹೋಗಿ ಅಳು ಬಂತೋ ಇಬ್ಬರಿಗೂ ಗೊತ್ತಾಗಲಿಲ್ಲ. ಗಿಡವನ್ನು ಆ ಮಣ್ಣಿನ ಕುಂಡಕ್ಕೆ ಬದಲಾಯಿಸಿ, ಗೋಡೆಗೆ ಒರಗಿಸಿದೆ.

ಅದಾಗಿ ಎರಡು ಬೇಸಿಗೆ ಕಳೆದವು. ಗಿಡ ಅಜ್ಜಿಯ ಕುರ್ಚಿಯ ಎತ್ತರಕ್ಕೆ ಬಂತು. ಕಳೆದ ಆಗಸ್ಟಿನಲ್ಲಿ ಒಂದೇ ಒಂದು ಹಣ್ಣು ಬಿಟ್ಟಿತ್ತು. ಚಾಕುವಿನಿಂದ ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ನನಗೆ ಕೊಟ್ಟರು.

ಈ ಜನವರಿಯಲ್ಲಿ ನಾವು ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದೆವು. ಸಣ್ಣ ಮನೆ. ಆದರೆ ಹಿಂದುಗಡೆಯ ಗೋಡೆ ದಕ್ಷಿಣಕ್ಕಿದೆ. ಮನೆ ನೋಡಲು ಹೋದ ದಿನ ಗಂಡ ಅಡುಗೆಮನೆ ನೋಡುತ್ತಿದ್ದರೆ ನಾನು ಅಂಗೈಯಿಂದ ಗೋಡೆ ಮುಟ್ಟಿ ನೋಡಿದ್ದೆ. ಮನೆ ಬದಲಾಯಿಸಿದ ಮೊದಲ ಭಾನುವಾರ, ಕೈಚೀಲದಲ್ಲಿ ಕತ್ತರಿ ಇಟ್ಟುಕೊಂಡು ಅಜ್ಜಿಯ ಬಳಿ ಹೋದೆ. ಟ್ರೇಯಲ್ಲಿ ಟೀ ಬಂದಿತ್ತು. ಹೊರಗೆ ಹಿಮ ಕಟ್ಟಿತ್ತು. ಗಾಜಿನ ಬಾಗಿಲ ಆಚೆ ಗಿಡ ಎಲೆಯಿಲ್ಲದೆ ನಿಂತಿತ್ತು.

“ನಮ್ಮ ಹೊಸ ಮನೆ ಗೋಡೆ ದಕ್ಷಿಣಕ್ಕಿದೆ,” ಎಂದೆ. “ನಿಮ್ಮನ್ನ ಒಂದು ಕೇಳ್ಬೇಕು ಅಂತ...”

“ಕೇಳಬೇಡ,” ಎಂದು ಕೈ ಎತ್ತಿ ತಡೆದರು. “ಕೇಳಿದ್ರೆ ನಾನು ಕೊಡಬೇಕಾಗುತ್ತೆ. ನಾನು ಕೊಟ್ಟಿದ್ದನ್ನ ನೀನು ನೀರಲ್ಲಿ ಮುಳುಗಿಸಿ ಸಾಯಿಸ್ತೀಯ.”

ಹೇಳಿ, ವಾಕರ್ ಹಿಡಿದು ಎದ್ದು, ಕುರ್ಚಿಯನ್ನು ತಾವೇ ಕಷ್ಟಪಟ್ಟು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಸಹಾಯ ಮಾಡಲು ಹೋದ ನನ್ನನ್ನು ಬಿಡಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕೂತು, ಆಫ್ ಮಾಡಿದ್ದ ಟಿವಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮೆಲ್ಲಗೆ ಗಾಜಿನ ಬಾಗಿಲು ಸರಿಸಿ ಹೊರಗೆ ಹೋದೆ. ಒಂದು ಗೇಣು, ನಾಲ್ಕು ಗೆಣ್ಣು, ಬುಡ ನೇರ, ತಲೆ ಓರೆ. ಹಾಲು ಒಸರಿ ಬೆರಳಿಗೆ ಅಂಟಿತು. ಒಳಗೆ ಬಂದು ಬಾಗಿಲು ಮುಚ್ಚಿದೆ. ಕಡ್ಡಿಯನ್ನು ಕೈಚೀಲದೊಳಗೆ ಇಡುತ್ತಿದ್ದೆ. ಅಜ್ಜಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ಚೀಲದಲ್ಲಿ ಬೇಡ,” ಎಂದರು. “ಮೈಗೆ ಹಚ್ಕೊ. ಹೊರಗೆ ಚಳಿ ಇದೆ.”

ಕೋಟಿನ ಗುಂಡಿ ಬಿಚ್ಚಿ, ಸ್ವೆಟರಿನ ಒಳಗೆ ಕಡ್ಡಿ ಇಟ್ಟುಕೊಂಡೆ. ಆಮೇಲೆ ಅವರ ಕುರ್ಚಿಯನ್ನು ತಿರುಗಿಸಿದೆ, ಇಬ್ಬರೂ ಆರಿದ ಟೀ ಕುಡಿದೆವು.